ಮೂರನೇ ಸಾಲಿನ ಸಾರ್ಜೆಂಟ್

ಒರ್ನೆಲ್ಲಾ ಝಾನಿಯೆರ್ ಪರ್ವತ ಪಡೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಸಾರ್ಜೆಂಟ್. ಹೇಸರಗತ್ತೆಗಳ ಬೆನ್ನಿಗೆ ಫಿರಂಗಿ ಹೇರಿ ಕಾರ್ನಿಯಾದ ಹಿಮದ ಬೆಟ್ಟ ಹತ್ತಿಸಿದವಳು. ಆಗ ಅವಳಿಗೆ ಗಂಡು ಹೆಸರಿತ್ತು, ಪೊದೆಯಂಥ ಮೀಸೆಯಿತ್ತು. ಒಳಗಿದ್ದ ಹೆಣ್ಣಿನ ಗುಟ್ಟು ಗೊತ್ತಿದ್ದದ್ದು ಜೆಮ್ಮಾ ಎಂಬ ಹೇಸರಗತ್ತೆಗೆ ಮಾತ್ರ. ಪುಣ್ಯಕ್ಕೆ ಅದು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಪಿಂಚಣಿ ಬಂದ ಕೆಲ ವರ್ಷಗಳಿಗೆ ಮೀಸೆ ಹೋಯಿತು, ಹೆಸರು ಬದಲಾಯಿತು, ಹೋರಾಟ ಶುರುವಾಯಿತು. ತನ್ನಂಥ ಮಾಜಿ ಸೈನಿಕರ ಸೇನಾ ಬಿಡುಗಡೆ ಪತ್ರದಲ್ಲಿ ಈಗಿನ ಹೆಸರೇ ಇರಬೇಕೆಂದು ಎಂಟು ವರ್ಷ ರೋಮಿನ ಕಚೇರಿಗಳ ಮೆಟ್ಟಿಲು ಸವೆಸಿದಳು. ಕೊನೆಗೊಂದು ದಿನ ರೋಸಿಹೋಗಿ ಒಂದು ಮುದಿ ಹೇಸರಗತ್ತೆಯನ್ನು ಕಚೇರಿಯ ಬಾಗಿಲಿಗೇ ಕಟ್ಟಿದಳು. ಅದು ಹೂಕುಂಡಗಳನ್ನೆಲ್ಲ ಮೇಯ್ದು, ದೊಡ್ಡ ಸಾಹೇಬರ ಕಾರಿನ ಪಕ್ಕ ಲದ್ದಿ ಹಾಕಿತು. ಸಂಜೆಯೊಳಗೆ ಸಹಿ ಬಿತ್ತು. ಹದಿಮೂರು ಜನಕ್ಕೆ ಹೊಸ ಪತ್ರ ಬಂತು.

ರೋಮನ್ನು ಗೆದ್ದವಳಿಗೆ ಊರಿನ ಮಾಜಿ ಸೈನಿಕರ ಸಂಘದ ಅಧ್ಯಕ್ಷ ಜಿಲ್ಡೊ ಮಾತ್ರ ಗಂಟಲಿನ ಬಿಸಿತುಪ್ಪವಾದ.

"ಹೊಸ ಪತ್ರ ಅಂದ್ರೆ ಹೊಸ ಸದಸ್ಯೆ," ಅಂದ, ಕನ್ನಡಕ ಒರೆಸುತ್ತ. "ಹೊಸಬರು ವರ್ಷದ ಮೆರವಣಿಗೇಲಿ ಕೊನೇ ಸಾಲು."

"ಲೋ ಜಿಲ್ಡೊ, ಹದಿನೈದು ವರ್ಷ ಮೂರನೇ ಸಾಲಲ್ಲಿ ನೇರಿಯೊ ಪಕ್ಕ ನಡೆದಿದೀನಿ ಕಣೋ! ಆ ಜಾಗ ನಂದು!"

"ನಾನೇನ್ಮಾಡ್ಲಿ ಸಾರ್ಜೆಂಟ್? ನಿಯಮ ನಾನು ಬರೆದಿದ್ದಲ್ಲ."

ಬರೆದದ್ದು ಅವನೇ. ಊರಿಗೆಲ್ಲ ಗೊತ್ತು.

ಒರ್ನೆಲ್ಲಾಗೆ ಪತ್ರಕ್ಕಿಂತ ಆ ಜಾಗವೇ ದೊಡ್ಡದು. ಪಡೆಯಲ್ಲಿದ್ದಾಗ ಒಮ್ಮೆ ಹಿಮ ಕುಸಿದು ಹೂತುಹೋದ ಅವಳನ್ನು ಬರಿಗೈಯಲ್ಲಿ ತೋಡಿ ತೆಗೆದವನು ನೇರಿಯೊ. ಅವನ ಭುಜ ಪಕ್ಕದಲ್ಲಿಲ್ಲದ ಮೆರವಣಿಗೆ ಅವಳಿಗೆ ಮೆರವಣಿಗೆಯೇ ಅಲ್ಲ.

ಮೆರವಣಿಗೆಯ ದಿನ ಪಡೆಯ ಗರಿಯ ಟೋಪಿ, ಕೆಂಪು ಲಿಪ್‌ಸ್ಟಿಕ್, ಸಿಡಿಮಿಡಿ ಮುಖ ಹೊತ್ತು ಕೊನೇ ಸಾಲಿನಲ್ಲಿ ನಿಂತಳು. ಆ ವರ್ಷ ತೀರಿಕೊಂಡವರ ಹೆಸರು ಮೊದಲು ಕೂಗುವುದು ಪದ್ಧತಿ. ಒಂದೊಂದು ಹೆಸರಿಗೂ ಬದುಕಿರುವವರೆಲ್ಲ ಒಟ್ಟಾಗಿ "ಹಾಜರ್!" ಅನ್ನಬೇಕು. ಸಾಲಿನಲ್ಲಿ ಸತ್ತವನ ಜಾಗ ಖಾಲಿ ಬಿಡಬೇಕು. ಜಿಲ್ಡೊ ಇಬ್ಬರ ಹೆಸರು ಓದಿದ. ಮೂರನೆಯದು ಒರ್ನೆಲ್ಲಾಳ ಹಳೇ ಹೆಸರು! ಅದೇನೆಂದು ಇಲ್ಲಿ ಬೇಡ ಬಿಡಿ.

"ಹಾಜರ್!" ಎಂದು ಊರ ಚೌಕವೇ ಗುಡುಗಿತು. ರೂಢಿ ನೋಡಿ, ಯಾರೂ ಯೋಚಿಸಲಿಲ್ಲ. ಮೂರನೇ ಸಾಲಿನಲ್ಲಿ ನೇರಿಯೊ ಟೋಪಿ ತೆಗೆದು ಗೊಳೋ ಎಂದು ಅತ್ತ.

"ಅಯ್ಯೋ ಮುಟ್ಠಾಳ, ಇಲ್ಲೇ ಇದೀನಲ್ಲೋ!" ಒರ್ನೆಲ್ಲಾ ಹಿಂದಿನಿಂದ ಕಿರುಚಿದಳು.

"ಗೊತ್ತು ಕಣೇ," ನೇರಿಯೊ ಮೂಗು ಒರೆಸಿಕೊಂಡ. "ಆದ್ರೂ ಅಳು ಬಂತು. ಒಳ್ಳೇ ಮನುಷ್ಯ ಪಾಪ."

ಅವಳು ದುಸುದುಸು ಮುಂದೆ ಬಂದು ಜಿಲ್ಡೊನೆದುರು ನಿಂತಳು. "ಏನೋ ಇದು? ನನ್ನ ಸಾಯಿಸ್ಬಿಟ್ಟೆಯಾ?"

ಜಿಲ್ಡೊನ ಮುಖ ಕೆಂಪಾಯಿತು. "ಹಳೇ ಹೆಸರು ಹೊಡೆದುಹಾಕೋಕೆ ಸಂಘದ ಪುಸ್ತಕದಲ್ಲಿ ಎರಡೇ ಪುಟ ಇರೋದು ಸಾರ್ಜೆಂಟ್. ಒಂದು ಸತ್ತೋರ್ದು, ಇನ್ನೊಂದು ಉಗಿದು ಓಡಿಸಿದೋರ್ದು. ಅದರಲ್ಲಿ ಬರೀ ವೈನ್ ಕದ್ದೋರು. ನನಗೆ ಹೇಸರಗತ್ತೆ ಹಿಡಿಯೋದು ಕಲಿಸಿದೋರು ನೀವು. ನಿಮ್ಮನ್ನ ಅಲ್ಲಿ ಬರೆಯೋಕೆ ಕೈ ಬರ್ಲಿಲ್ಲ."

ಒರ್ನೆಲ್ಲಾ ತಿರುಗಿ ನೇರಿಯೊನ ಪಕ್ಕದ ಖಾಲಿ ಜಾಗ ನೋಡಿದಳು. ಆಮೇಲೆ ಕೇಳಿದಳು, "ಖಾಲಿ ಜಾಗಕ್ಕೆ ಸತ್ತೋರೇ ಬಂದು ನಿಂತ್ರೆ?"

ಜಿಲ್ಡೊ ನಿಯಮದ ಪುಸ್ತಕ ಹಿಂದೆಮುಂದೆ ತಿರುವಿದ. ಬ್ಯಾಂಡಿನವನೊಬ್ಬ ಆಕಳಿಸಿದ. "ಅದಕ್ಕೆ ನಿಯಮ ಇಲ್ಲ," ಎಂದ ಕೊನೆಗೆ, ಬೆವರುತ್ತ.

ಅವಳು ಹೋಗಿ ನೇರಿಯೊನ ಪಕ್ಕ ನಿಂತಳು. ಜಿಲ್ಡೊ ಪೆನ್ಸಿಲಿನಿಂದ ಕೊನೇ ಸಾಲಿನ ಪಟ್ಟಿಯಲ್ಲಿ ಏನನ್ನೋ ಹೊಡೆದು, ಮೂರನೇ ಸಾಲಿನದರಲ್ಲಿ ಏನನ್ನೋ ಗೀಚಿ, ಗಂಟಲು ಸರಿಮಾಡಿಕೊಂಡ.

"ಒರ್ನೆಲ್ಲಾ ಝಾನಿಯೆರ್!"

ಆ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಅವಳು ಉತ್ತರ ಕೊಡುವುದು ಮರೆತು ಟೋಪಿಯ ಗರಿ ನೆಟ್ಟಗೆ ಮಾಡಿಕೊಳ್ಳುತ್ತ ನಿಂತುಬಿಟ್ಟಳು.

"ಹಾಜರ್!" ಎಂದ ನೇರಿಯೊ. ಅವನ ಹಿಂದೆಯೇ ಇಡೀ ಚೌಕ ಕೂಗಿತು, "ಹಾಜರ್!"

"ಬದುಕಿರೋರು ತಾವೇ ಹೇಳ್ಬೇಕು ಕಣ್ರೋ! ನಿಯಮ!" ಜಿಲ್ಡೊ ಕುಣಿದಾಡಿದ.

ಯಾರು ಕೇಳುತ್ತಾರೆ? ಬ್ಯಾಂಡು ಶುರುವಾಗಿತ್ತು. ಒರ್ನೆಲ್ಲಾ ನೇರಿಯೊನ ಭುಜಕ್ಕೆ ಭುಜ ತಾಗಿಸಿ ಎಡಗಾಲು ಮುಂದಿಟ್ಟಳು.