ಮ್ಯಾನೇಜರರ ಕೋಣೆಯ ಗಾಜಿನ ಬಾಗಿಲು

ನಾನು ಒಂದು ಗಾಜಿನ ಬಾಗಿಲು. ಹುಟ್ಟಿದ್ದು ಕಾರ್ಖಾನೆಯ ಕುಲುಮೆಯಲ್ಲಿ. ಮೆತ್ತಗಾಗುವಷ್ಟು ಕಾಯಿಸಿ, ತಟ್ಟನೆ ಗಾಳಿ ಊದಿ ತಣಿಸಿ ನನ್ನನ್ನು ಗಟ್ಟಿ ಮಾಡಿದರು. ಬೆಳಕಿಗೆ ಹಿಡಿದು, ಒಂದು ಗೀರೂ ಇಲ್ಲವೆಂದು ಮೆಚ್ಚಿಕೊಂಡರು. ಆಗ ನನಗೆ ಬಂದ ಸೊಕ್ಕು ಅಷ್ಟಿಷ್ಟಲ್ಲ. ನನ್ನ ಮೂಲಕ ನೋಡಿದವರಿಗೆ ಎಲ್ಲವೂ ಇದ್ದದ್ದು ಇದ್ದ ಹಾಗೆ ಕಾಣುತ್ತದೆ ಎಂದೇ ನಂಬಿದ್ದೆ. ಈಗ ಅದನ್ನು ನೆನೆದರೆ ತಲೆ ತಗ್ಗಿಸಬೇಕೆನಿಸುತ್ತದೆ. ತಗ್ಗಿಸಲು ತಲೆ ಇಲ್ಲ, ಅಷ್ಟೆ.

ನನ್ನನ್ನು ತಂದು ನಿಲ್ಲಿಸಿದ್ದು ಹುಬ್ಬಳ್ಳಿಯ ಒಂದು ಪತ್ತಿನ ಸಹಕಾರಿ ಸಂಘದ ಕಚೇರಿಯಲ್ಲಿ. ಅಲ್ಲಿಯ ಮ್ಯಾನೇಜರು ಗಂಗಾಧರ ಮಟ್ಟಿ. ಒಳಾಂಗಣದ ವಿನ್ಯಾಸ ಮಾಡಲು ಬಂದ ಹುಡುಗಿ ಅವರಿಗೆ ಮೊದಲೇ ಹೇಳಿದ್ದಳು: "ಗಾಜು ಹಾಕಿದ್ರ ಹಾಲ್ ದೊಡ್ಡದು ಕಾಣ್ತದರಿ. ಮಾತೂ ಹೊರಗ ಕೇಳಂಗಿಲ್ಲ. ಆದ್ರ ನಡುವ ಒಂದು ಮಬ್ಬು ಪಟ್ಟಿ ಹಚ್ಚಿಸ್ರಿ, ಒಳಗ ಕುಂತವರ ಮಾರಿ ಕಾಣಬಾರದು."

ಮಟ್ಟಿಯವರು ನಕ್ಕುಬಿಟ್ಟರು. "ಪಟ್ಟಿ ಬ್ಯಾಡವಾ. ನನ್ನ ಖೋಲ್ಯಾಗ ಮುಚ್ಚಿಡೂದು ಏನೈತಿ?"

ಮಧ್ಯಾಹ್ನವಾದರೆ ಹೊರಗಿನ ಹಾಲ್‌ನಲ್ಲಿ ಎರಡು ಮೇಜು ಕೂಡಿಸಿ ಎಲ್ಲರೂ ಬುತ್ತಿ ಬಿಚ್ಚುತ್ತಿದ್ದರು. ಒಬ್ಬರ ರೊಟ್ಟಿ, ಇನ್ನೊಬ್ಬರ ಪಲ್ಯ. ತನ್ನದನ್ನು ತಾನೇ ತಿಂದವರು ಅಲ್ಲಿ ಯಾರೂ ಇರಲಿಲ್ಲ. ಸಾಲದ ವಿಭಾಗದ ಪ್ರಭಾವತಿ ಹೊಂಬಳ ಅವರ ಎಣಗಾಯಿಗೆ ಎಲ್ಲರೂ ಕೈ ಚಾಚುವವರೇ. ಮಟ್ಟಿಯವರು ಮಾತ್ರ ಹುದ್ದೆಯ ಗತ್ತು ಬಿಡಲಾರದೆ ಒಳಗೇ ಉಣ್ಣುತ್ತ, ನನ್ನ ಮೂಲಕ ಆ ಗದ್ದಲವನ್ನು ನೋಡುತ್ತಿದ್ದರು.

ಒಂದು ಸಲ ಸಾಲಗಾರರೊಬ್ಬರು ಅಡವಿಟ್ಟಿದ್ದ ಮನೆಯ ಮೂಲಪತ್ರ ಕಪಾಟಿನಲ್ಲಿ ಸಿಗಲಿಲ್ಲ. ಕಪಾಟಿನ ಕೀಲಿ ಪ್ರಭಾವತಿಯವರ ಹತ್ತಿರ ಇರುತ್ತಿತ್ತು. ಹುಡುಕಾಟ ನಡೆದಿರುವಾಗಲೇ ಅವರು ನನ್ನನ್ನು ತಳ್ಳಿಕೊಂಡು ಒಳಗೆ ಬಂದರು.

"ಸಾಹೇಬ್ರ, ಎಂಟು ದಿನ ರಜಾ ಬೇಕಾಗಿತ್ರಿ."

"ಯಾಕ್ರಿ ಅಕ್ಕಾರ, ಆರಾಮ ಇಲ್ಲೇನು?"

ಅಷ್ಟು ಕೇಳಿದ್ದೇ ಸಾಕಾಯಿತು. "ಮಗಳು ಗಂಡನ ಮನಿ ಬಿಟ್ಟು ಬಂದಾಳ್ರಿ. ಮೈ ತುಂಬ ಬಾಸುಂಡೆ ಅದಾವ. ಯಾರ ಮುಂದೂ ಹೇಳಬ್ಯಾಡ್ರಿ, ಕೈ ಮುಗೀತೀನಿ," ಎಂದು ಗಳಗಳ ಅತ್ತರು. ಮಟ್ಟಿಯವರು ಗಾಬರಿಯಿಂದ ಎದ್ದು ನಿಂತು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟರು.

ಹೊರಗಿದ್ದವರಿಗೆ ಕಂಡದ್ದು ಮುಗಿದ ಕೈ, ಕಣ್ಣೀರು ಮತ್ತು ಎದ್ದು ನಿಂತ ಮ್ಯಾನೇಜರು. ಮಾತನ್ನು ನಾನು ಒಳಗೇ ತಡೆದೆ, ಅಳುವನ್ನು ಮಾತ್ರ ಹೊರಗೆ ಬಿಟ್ಟೆ. ಮೂಲಪತ್ರ ಕಳೆದವರು ಯಾರೆಂದು ಹಾಲಿನವರು ಅಲ್ಲಿಯೇ ತೀರ್ಮಾನಿಸಿಬಿಟ್ಟರು.

ರಜೆ ಮುಗಿಸಿ ಬಂದ ಪ್ರಭಾವತಿಯವರನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ಅವರು ಡಬ್ಬಿ ಹಿಡಿದು ಹೋಗುವಷ್ಟರಲ್ಲಿ ಕುರ್ಚಿಗಳು ಒತ್ತೊತ್ತಾಗಿ ತುಂಬಿರುತ್ತಿದ್ದವು. ಅವರು ತಮ್ಮ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಉಂಡರು. ಅದನ್ನು ಕಂಡ ಮಟ್ಟಿಯವರು ಊಟ ಬಿಟ್ಟು ಎದ್ದರು. ಹೊರಗೆ ಬಂದು, "ನೋಡ್ರಿ, ಅವರದೇನೂ ತಪ್ಪಿಲ್ಲ," ಎಂದರು.

"ಹಂಗಾರ ಅವತ್ತ ಯಾಕ ಅತ್ತರ್ರಿ?" ಎಂದಳು ಕ್ಯಾಷಿಯರ್ ಕಸ್ತೂರಿ.

ಕೊಟ್ಟ ಮಾತು ಮುರಿಯಲಾರದೆ ಮಟ್ಟಿಯವರು ತಿರುಗಿ ಒಳಗೆ ಬಂದರು. ಅದು ಪ್ರಭಾವತಿಯವರ ಉಳಿದಿದ್ದ ಮರ್ಯಾದೆಯನ್ನೂ ಕಳೆಯಿತು. ಮರುದಿನ ಮಟ್ಟಿಯವರು ನನ್ನ ಮೈಗೆಲ್ಲ ಹಳೆಯ ಪೇಪರು ಅಂಟಿಸಿದರು. ಆಗ ಹಾಲಿನ ಪಿಸುಮಾತು ಅವರಿಬ್ಬರನ್ನೂ ಜೋಡಿಸಿ ಇನ್ನೊಂದು ದಿಕ್ಕು ಹಿಡಿಯಿತು. ಅದನ್ನು ಬಾಯಿಬಿಟ್ಟು ಹೇಳಲು ನನಗೇ ನಾಚಿಕೆ. ಸಂಜೆಯೊಳಗೆ ಪೇಪರನ್ನು ಮಟ್ಟಿಯವರೇ ಹರಿದು ತೆಗೆದರು.

ಕೊನೆಗೆ ಮೂಲಪತ್ರ ಸಿಕ್ಕಿತು. ಪರಿಶೀಲನೆಗೆಂದು ಸಂಘದ ವಕೀಲರೇ ಒಯ್ದು ಮರೆತಿದ್ದರು. ಅಂದು ಕಸ್ತೂರಿ ರೊಟ್ಟಿ ಹಿಡಿದುಕೊಂಡು ಪ್ರಭಾವತಿಯವರ ಬಳಿ ಬಂದಳು. "ಬರ್ರಿ ಅಕ್ಕಾರ, ನಾವು ತಪ್ಪು ತಿಳಕೊಂಡಿದ್ವಿ. ಆದರ ಅವತ್ತ ಯಾಕ ಅತ್ತಿದ್ರಿ?"

ಪ್ರಭಾವತಿಯವರು ಡಬ್ಬಿ ಮುಚ್ಚಿ ಎದ್ದು ನಿಂತರು. ಇಡೀ ಹಾಲಿಗೆ ಕೇಳುವಂತೆ ಹೇಳಿದರು. "ನನ್ನ ಮಗಳನ್ನ ಗಂಡ ಬಡದು ಮನಿಗೆ ಕಳಿಸ್ಯಾನ. ಅದಕ್ಕ ಅತ್ತೆ. ಇನ್ನೇನರ ಕೇಳೂದೈತೇನು?"

ಕೈಮುಗಿದು ಕಾಪಾಡಿಕೊಂಡಿದ್ದ ಗುಟ್ಟನ್ನು ಅವರು ತಮ್ಮ ಬಾಯಿಂದಲೇ ಒಪ್ಪಿಸಬೇಕಾಯಿತು. ಮಟ್ಟಿಯವರು ಒಳಗಿನಿಂದ ನನ್ನ ಹಿಡಿಕೆ ಹಿಡಿದು ನಿಂತಿದ್ದರು, ತಳ್ಳಲಾಗಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅವರು ನನ್ನನ್ನು ಕೀಳಿಸಿ ಪ್ಲೈವುಡ್ ಬಾಗಿಲು ಹಾಕಿಸಿದರು. ಈಗ ನಾನು ಹಳೆಯ ಸಾಮಾನಿನ ಕೋಣೆಯಲ್ಲಿ, ಒಂದು ಮೂಲೆಗೆ ಅಡ್ಡವಾಗಿ ಒರಗಿದ್ದೇನೆ. ಮೈಮೇಲೆ ವರ್ಷಗಟ್ಟಲೆಯ ಧೂಳು.

ಊಟದ ಹೊತ್ತಿನಲ್ಲಿ ಪ್ರಭಾವತಿಯವರು ಇಲ್ಲಿಗೆ ಬಂದು, ನನ್ನ ಹಿಂದೆ ಸರಿದು ಕೂತು ಮಗಳಿಗೆ ಫೋನ್ ಮಾಡುತ್ತಾರೆ. ಕೆಲವು ದಿನ ನಗುತ್ತಾರೆ, ಕೆಲವು ದಿನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕಾಗದದ ಕಟ್ಟು ಒಯ್ಯಲು ಬಂದವರು ಇತ್ತ ಕಣ್ಣು ಹಾಯಿಸಿದರೂ ಧೂಳಿನಾಚೆ ಅವರು ಕಾಣುವುದಿಲ್ಲ. ಕೋಣೆ ಗುಡಿಸುವ ದಿನ ಯಾರಾದರೂ ಒದ್ದೆ ಬಟ್ಟೆ ಹಿಡಿದು ನನ್ನತ್ತ ಬಂದರೆ ಜೀವವೇ ಹೋದಂತಾಗುತ್ತದೆ. ದಯವಿಟ್ಟು ನನ್ನನ್ನು ಒರೆಸಬೇಡಿ.