ನಲವತ್ತೈದರಲ್ಲಿ ತಿರುಗಿದ ಪ್ಲೇಟು

ಅರವತ್ತೆರಡನೇ ಇಸವಿಯಲ್ಲಿ ಉದ್ಯಾವರದ ಮದುವೆಗಳಿಗೆ ಹಾಡು ಹಾಕುವವನು ನಾನೊಬ್ಬನೇ. ಒಂದು ಬ್ಯಾಟರಿ, ಒಂದು ರೆಕಾರ್ಡ್ ಪ್ಲೇಯರು, ತೆಂಗಿನ ಮರಕ್ಕೆ ಕಟ್ಟುವ ಹಾರ್ನು. ಇಷ್ಟರಿಂದಲೇ ನಾನು ಸಂಗೀತಗಾರನೆಂದು ನಂಬಿಕೊಂಡಿದ್ದೆ. ತಲೆಗೆ ಬಳಿಯುತ್ತಿದ್ದ ಎಣ್ಣೆಯೂ ಆ ನಂಬಿಕೆಗೆ ತಕ್ಕಷ್ಟಿತ್ತು.

ಕಾಪುವಿನ ಇಮ್ಯಾನುಯೆಲರ ದೊಡ್ಡ ಮಗಳು ಲೊರ್ನಾಳ ಮದುವೆಗೆ ನನ್ನನ್ನೇ ಕರೆದರು. ನನಗೆ ಬೇಕಾಗಿದ್ದವಳು ಚಿಕ್ಕ ಮಗಳು ಗ್ಲ್ಯಾಡಿಸ್. ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಇಗರ್ಜಿಯಲ್ಲಿ ಪಾದ್ರಿಗಳಿಂದ ಮದುವೆ ಮುಗಿಸಿ ಬಂದ ಮದುಮಕ್ಕಳು ಚಪ್ಪರಕ್ಕೆ ಕಾಲಿಡುವಾಗ ಅವಳೂ ಅಕ್ಕನ ಹಿಂದೆ ಹೂ ಹಿಡಿದು ಬರುತ್ತಾಳೆ, ನನ್ನ ಮೇಜಿನ ಮುಂದೆಯೇ ಹಾದುಹೋಗುತ್ತಾಳೆ. ಆಗ ಒಂದು ಮಾತು ಆಡಿಬಿಡಬೇಕು. ಆದರೆ ನನ್ನಲ್ಲಿದ್ದ ಇಂಗ್ಲಿಷ್ ಕುಣಿತದ ಪ್ಲೇಟಿನ ತಾಳಕ್ಕೆ ಮದುಮಕ್ಕಳ ಮೆರವಣಿಗೆ ಓಡಿಕೊಂಡೇ ಬರುತ್ತಿತ್ತು. ಹಾಡು ನಿಧಾನವಾದರೆ ಕಾಲೂ ನಿಧಾನವಾಗಬೇಕಲ್ಲ! ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗಬೇಕಾದ ಪ್ಲೇಟನ್ನು ನಲವತ್ತೈದರ ವೇಗಕ್ಕೆ ಇಟ್ಟೆ. ಹೊಸ ಸಂಗೀತವನ್ನೇ ಸೃಷ್ಟಿಸಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೊದಲೊಮ್ಮೆ ಹಾಕಿ ಕೇಳುವ ಬುದ್ಧಿ ಈ ಸಂಗೀತಗಾರನಿಗೆ ಬರಲಿಲ್ಲ.

ಪ್ಲೇಟಿನಲ್ಲಿ ಹಾಡಿದ್ದವಳು ಹೆಂಗಸು. ಮದುಮಕ್ಕಳು ಚಪ್ಪರಕ್ಕೆ ಕಾಲಿಟ್ಟಾಗ ಹಾರ್ನಿನಿಂದ ಹೊರಟದ್ದು ಯಾರೋ ಮುದುಕನ ಗೋಳು. ಮದುಮಗಳ ಅಜ್ಜಿ ಆಂಜೆಲಾ ಬಾಯಿ ಮೊದಲು ಎದ್ದು ಶಿಲುಬೆಯ ಗುರುತು ಮಾಡಿದರು. ಗಂಡಸರು ಟೊಪ್ಪಿ ತೆಗೆದರು. ಶವದ ಮುಂದೆ ಪಾದ್ರಿಗಳು ಹಾಡುವ ಲ್ಯಾಟಿನ್ ಹಾಡೆಂದೇ ಎಲ್ಲರೂ ತಿಳಿದರು. ಅಜ್ಜಿ ಸತ್ತವರ ಪ್ರಾರ್ಥನೆ ಶುರುಮಾಡಿದರು, ಚಪ್ಪರವೆಲ್ಲ ದನಿಗೂಡಿಸಿತು. ಮದುಮಗ ಹೆದರಿ ತನ್ನ ಕಡೆಯವರನ್ನೆಲ್ಲ ಒಮ್ಮೆ ಕಣ್ಣಲ್ಲೇ ಎಣಿಸಿದ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಸೂಜಿ ಎತ್ತಲು ಕೈಯೇ ಬರಲಿಲ್ಲ.

ಗ್ಲ್ಯಾಡಿಸ್ ಮಾತ್ರ ಆ ಗೋಳಿಗೆ ಸರಿಯಾಗಿ ಹೆಜ್ಜೆಯಿಡುತ್ತ ನನ್ನ ಮೇಜಿನವರೆಗೆ ಬಂದು ನಿಂತಳು.

"ಎಂತ ಮಾರಾಯ, ತೀರಿಹೋದದ್ದು ಯಾರು?"

"ನಾನೇ. ನೀನು ನಿಧಾನ ನಡೆಯಲಿ ಅಂತ ಮಾಡಿದ್ದು. ಸ್ವಲ್ಪ ಹೊತ್ತು ನೋಡಬಹುದು ಅಂತ."

ಅವಳು ಹೂವಿನಿಂದ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಇಮ್ಯಾನುಯೆಲ್ ಧಾವಿಸಿ ಬಂದು ಸೂಜಿ ಎತ್ತಿದರು. ಪ್ರಾರ್ಥನೆ ಅರ್ಧದಲ್ಲಿ ನಿಂತಿತು.

"ಸ್ಟ್ಯಾನಿಸ್ಲಾಸ್, ಈ ಪ್ಲೇಟು ನನ್ನ ಮರಣಕ್ಕೆ ಆಗ್ತದೆ. ಅಲ್ಲಿಯವರೆಗೆ ನೀನು ಈ ಮನೆಗೆ ಕಾಲಿಡುವುದು ಬೇಡ."

ನಾನು ಬ್ಯಾಟರಿಯ ವಯರು ಬಿಚ್ಚತೊಡಗಿದೆ.

"ಅಷ್ಟು ವರ್ಷ ನಾನು ಕಾಯುವುದಿಲ್ಲ, ಪಪ್ಪಾ," ಎಂದಳು ಗ್ಲ್ಯಾಡಿಸ್, ಇಡೀ ಚಪ್ಪರಕ್ಕೆ ಕೇಳುವಂತೆ.