ಮೈದುನನ ತಲೆಯ ಮೇಲಿನ ಬಿಳಿ ಪೈಪು

"ಹಳೇದೆಲ್ಲ ಮರೆತುಬಿಡೋಣ ಅತ್ತಿಗೆ. ಹೊಸ ಶೆಡ್ಡಿಗೆ ಗಾಳಿ ಪೈಪು ನೀವೇ ಹಾಕಿಕೊಡಿ" ಎಂದು ಮೈದುನ ಹಲ್ಲು ಕಿರಿದಾಗ, ಕೈಯಲ್ಲಿದ್ದ ರೆಂಚನ್ನು ಆ ಹಲ್ಲಿಗೇ ಬೀಸಬೇಕು ಅನ್ನಿಸಿತು ಅವಳಿಗೆ. ಬೀಸಲಿಲ್ಲ. "ಆಯ್ತು, ಹಾಕೋಣ" ಎಂದಳು. ಮರೆಯಬೇಕಂತೆ! ಅದೂ ಇವನ ಬಾಯಲ್ಲಿ!

ಮೈದುನನಿಗಷ್ಟೇ ಅಲ್ಲ, ಇಡೀ ವರ್ಕ್‌ಶಾಪಿಗೆ ಅವಳು ಅತ್ತಿಗೆಯೇ. ಅಣ್ಣತಮ್ಮಂದಿರು ಗಾಡಿ ಬಿಚ್ಚಿ ಜೋಡಿಸಿದರೆ, ಪೈಪಿನ ಕೆಲಸವೆಲ್ಲ ಅವಳದು. ಅದು ತವರಿನಲ್ಲಿ ಅಪ್ಪನ ಪಕ್ಕ ನಿಂತು ಕಲಿತ ವಿದ್ಯೆ. ಹಳೆಯ ವರ್ಕ್‌ಶಾಪಿನಲ್ಲಿ ಕಂಪ್ರೆಸರಿನ ಗಾಳಿ ಹರಿಯುವ ಕಬ್ಬಿಣದ ಲೈನು ಅವಳೇ ಎಳೆದದ್ದು. ಒಮ್ಮೆ ಅವಳು ತವರಿಗೆ ಹೋದದ್ದೇ ತಡ, ಮೈದುನ ನೀರಿನ ನಲ್ಲಿಗೆ ಹಾಕುವ ಬಿಳಿ ಪ್ಲಾಸ್ಟಿಕ್ ಪೈಪು ತಂದು ಆ ಲೈನಿನ ಕೊನೆಗೆ ಸಿಕ್ಕಿಸಿದ. ನೀರಿನ ಪೈಪು ಒಡೆದರೆ ನೆಲ ಒದ್ದೆಯಾಗುತ್ತದೆ, ಅಷ್ಟೇ. ಅದರೊಳಗೆ ಗಾಳಿ ಒತ್ತಿ ತುಂಬಿದರೆ ಪೈಪು ಸಿಡಿದು, ಒಂದೊಂದು ಚೂರೂ ಚಾಕುವಾಗಿ ಹಾರುತ್ತದೆ. ಹಾಗೆ ಹಾರಿದ ಒಂದು ಚೂರು ಅವಳ ಗಂಡನ ಎಡಗಣ್ಣು ಹೊಕ್ಕಿತು.

ಅವಳು ತವರಿನಿಂದ ಓಡಿಬರುವಷ್ಟರಲ್ಲಿ ಮೈದುನ ಚೂರುಗಳನ್ನೆಲ್ಲ ಗುಡಿಸಿ, ಜಾಯಿಂಟಿನ ಸಮೇತ ಎಸೆದಿದ್ದ. "ಪೈಪು ಗಟ್ಟಿಯಾಗೇ ಇತ್ತು. ಅತ್ತಿಗೆ ಹಾಕಿದ್ದ ಜಾಯಿಂಟೇ ಕಿತ್ಕೊಂಡು ಬಂತು" ಎಂದು ಬಂದವರಿಗೆಲ್ಲ ಹೇಳಿ ಅವಳ ತಲೆಯ ಮೇಲೆ ಗೂಬೆ ಕೂರಿಸಿದ್ದ. ಆಮೇಲೆ ಊರಿನ ಯಾವ ವರ್ಕ್‌ಶಾಪೂ ಅವಳನ್ನು ಕರೆಯಲಿಲ್ಲ. ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಗಂಡ ಆಸ್ಪತ್ರೆಯಿಂದ ಬಂದ ದಿನ ಅವಳ ಕೈ ಹಿಡಿದು, "ಹೋಗ್ಲಿ ಬಿಡು, ನೀನೇನು ಬೇಕೂಂತ ಮಾಡಿದ್ಯಾ?" ಎಂದುಬಿಟ್ಟ. ಕ್ಷಮಿಸಿಬಿಟ್ಟ, ಪುಣ್ಯಾತ್ಮ! ಮಾಡದ ತಪ್ಪಿಗೆ ಸಿಕ್ಕ ಆ ಕ್ಷಮೆ ಅವಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು. ಸತ್ಯವನ್ನು ಮೈದುನನ ಬಾಯಿಂದಲೇ, ಗಂಡನ ಎದುರೇ ಹೊರಡಿಸಬೇಕು. ಅವಳಿಗೆ ಬೇಕಿದ್ದದ್ದು ಅದೊಂದೇ.

ಹೊಸ ಶೆಡ್ಡಿನಲ್ಲಿ ಅವಳು ಯಾರೂ ಬೆರಳು ತೋರಿಸದಂಥ ಕೆಲಸ ಮಾಡಿದಳು. ಕಬ್ಬಿಣ ಬೇಡ, ಒಳಗೆ ತುಕ್ಕು ಹಿಡಿದು ಅದೇ ತುಕ್ಕು ನಟ್ಟು ಬಿಚ್ಚುವ ಗಾಳಿ ಗನ್ನಿನ ಹೊಟ್ಟೆಗೆ ಹೋಗುತ್ತದೆ ಎಂದು ಹಟ ಹಿಡಿದು ಅಲ್ಯೂಮಿನಿಯಂ ತರಿಸಿದಳು. ಗಾಳಿಯಲ್ಲಿನ ನೀರು ಇಳಿದು ಹೋಗಲೆಂದು ದೊಡ್ಡ ಲೈನನ್ನು ಒಂದು ಕಡೆಗೆ ಸ್ವಲ್ಪ ವಾಟ ಕೊಟ್ಟು ಎಳೆದಳು. ಆ ನೀರು ಗನ್ನಿಗೆ ಇಳಿಯದಂತೆ ಕವಲುಗಳನ್ನು ಲೈನಿನ ಬೆನ್ನಿನಿಂದ ಎತ್ತಿ, ಬಗ್ಗಿಸಿ, ಕೆಳಗಿಳಿಸಿದಳು. ಕೆಲಸದ ಹುಡುಗರು ನಿಲ್ಲುವ ಜಾಗದಲ್ಲಿ ಒಂದು ಎಳೆಯಷ್ಟೂ ಲೋಪವಿರಲಿಲ್ಲ. ಹುಡುಗರ ಮೇಲೆ ಅವಳಿಗೇನು ಸಿಟ್ಟು?

ಮೈದುನನ ಗಾಜಿನ ಕ್ಯಾಬಿನ್ನಿಗೆ ಮಾತ್ರ ಕೊನೆಯಲ್ಲಿ ಕೈ ಹಾಕಿದಳು. ರಿಪೇರಿಯಾದ ಗನ್ನುಗಳನ್ನು ಕುರ್ಚಿಯಲ್ಲಿ ಕೂತೇ ಪರೀಕ್ಷಿಸುವ ಚಾಳಿ ಅವನದು, ಹಾಗಾಗಿ ಅಲ್ಲಿಗೂ ಗಾಳಿ ಬೇಕಿತ್ತು. ಶೆಡ್ಡಿನ ಪ್ರಾರಂಭಕ್ಕೆ ಅವನು ಜನರನ್ನು ಕರೆತರಲು ಹೋದಾಗ ಅವಳು ಅವನ ಕುರ್ಚಿಯ ನೆತ್ತಿಯ ಮೇಲೆ ಬಿಳಿ ಪ್ಲಾಸ್ಟಿಕ್ ಪೈಪು ಹಾಯಿಸಿದಳು. ಅದಕ್ಕೊಂದು ಬೇರೆ ವಾಲ್ವನ್ನು ಕ್ಯಾಬಿನ್ನಿನ ಹೊರಗೆ ಕೂರಿಸಿ, ಗಾಳಿ ಹೋಗದಂತೆ ತಿರುಗಿಸಿಟ್ಟಳು.

ಗಿರಾಕಿಗಳು, ಹುಡುಗರು, ಅಕ್ಕಪಕ್ಕದ ಅಂಗಡಿಯವರು ಎಲ್ಲ ಸೇರಿದರು. ಗಂಡ ಒಂದು ಕಂಬಕ್ಕೊರಗಿ ನಿಂತಿದ್ದ. ಮೈದುನ ಮದುಮಗನ ಠೀವಿಯಲ್ಲಿ ಹೋಗಿ ಕುರ್ಚಿಯಲ್ಲಿ ಕೂತ. ಕಂಪ್ರೆಸರ್ ಗುಡುಗುಟ್ಟಿ ತುಂಬಿಕೊಳ್ಳತೊಡಗಿತು. ಅವಳು ವಾಲ್ವಿನ ಮೇಲೆ ಕೈಯಿಟ್ಟು, "ಈಗ ನಿನ್ನ ಲೈನು ಕಣೋ. ಮೇಲೆ ನೋಡು" ಎಂದಳು.

ಅವನು ನೋಡಿದ. ಧಡಕ್ಕನೆ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು.

"ಅತ್ತಿಗೆ, ಇದ್ಯಾಕೆ ಹಾಕಿದ್ರಿ?"

"ಯಾಕಪ್ಪಾ? ಪೈಪು ಗಟ್ಟಿ ಅಂದವನು ನೀನೇ ತಾನೇ? ಕೆಟ್ಟಿದ್ದು ನನ್ನ ಜಾಯಿಂಟು ಅಲ್ವಾ? ಈ ಸಲದ ಜಾಯಿಂಟು ಎಲ್ಲರೂ ಎಳೆದು ನೋಡ್ಲಿ. ಕೂತ್ಕೋ, ಗಾಳಿ ಬಿಡ್ತೀನಿ."

"ಬೇಡ! ಬೇಡ ಅತ್ತಿಗೆ!" ಅವನು ಬಾಗಿಲಿಗೆ ಬಂದು ಅವಳ ಕೈಯನ್ನೇ ಹಿಡಿದುಕೊಂಡ. ಜನ ನೋಡುತ್ತಿದ್ದರು. ಒಬ್ಬ ಹುಡುಗ ಕಿಸಕ್ಕೆಂದು ನಕ್ಕ.

"ಹಾಗಾದ್ರೆ ಬಾಯಿ ಬಿಡು. ಕಣ್ಣು ತೆಗೆದಿದ್ದು ಪೈಪಾ, ಜಾಯಿಂಟಾ?"

"ಪೈಪು" ಎಂದ ಅವನು. "ಅಂಗಡಿಯವನು ಇದು ನೀರಿಗೆ ಮಾತ್ರ ಅಂತ ಹೇಳಿದ್ದ. ನಾನೇ ಕೇಳಲಿಲ್ಲ. ನಿಮ್ಮ ಜಾಯಿಂಟು ಗೋಡೆಲಿ ಹಾಗೇ ಇತ್ತು."

ಅಬ್ಬಾ! ಅವಳ ಎದೆಯೊಳಗೆ ಹಾಲು ಕುಡಿದಷ್ಟು ತಂಪಾಯಿತು. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಕಂಬದ ಕಡೆ ತಿರುಗಿದಳು. "ಕೇಳಿಸ್ತೇನ್ರೀ?"

ಗಂಡ ತಲೆ ತಗ್ಗಿಸಿದ.

"ಅಣ್ಣನ್ನ ಏನು ಕೇಳ್ತೀರಿ?" ಮೈದುನ ಅವಮಾನದಲ್ಲಿ ಸಿಡುಕಿದ. "ಆಸ್ಪತ್ರೆಲೇ ಎಲ್ಲಾ ಹೇಳಿದ್ದೆ ಅವನಿಗೆ. 'ನೀನು ಸುಮ್ನಿರು, ವರ್ಕ್‌ಶಾಪ್ ಹೆಸರು ಕೆಡುತ್ತೆ. ಅವಳಾದ್ರೆ ತಡ್ಕೋತಾಳೆ' ಅಂದಿದ್ದೇ ಅಣ್ಣ."

ಟ್ಯಾಂಕು ತುಂಬಿ ಕಂಪ್ರೆಸರ್ ತಾನಾಗಿಯೇ ನಿಂತಿತು. ಅವಳು ಗಂಡನನ್ನೇ ನೋಡಿದಳು. ಕೈ ಹಿಡಿದು ಕ್ಷಮಿಸಿದ್ದನಲ್ಲ, ಆ ಕೈಯನ್ನು ನೋಡಿದಳು.

"ನಿಜವೇನ್ರೀ?"

"ಮನೆ ಒಡೀಬಾರದು ಅಂತ..." ಎಂದ ಅವನು.

ಅವಳು ಕ್ಯಾಬಿನ್ನಿನೊಳಗೆ ಹೋಗಿ ಬಿದ್ದಿದ್ದ ಕುರ್ಚಿಯನ್ನೆತ್ತಿ, ಪೈಪಿನ ಕೆಳಗೆ ಸರಿಯಾಗಿ ಇಟ್ಟಳು. ಹೊರಗೆ ಬಂದು ಮತ್ತೆ ವಾಲ್ವು ಹಿಡಿದಳು.

"ಕುರ್ಚಿ ಖಾಲಿ ಇದೆ. ಬನ್ನಿ, ಕೂತ್ಕೊಳ್ಳಿ."

ಗಂಡ ಕಂಬ ಬಿಟ್ಟು ನಡೆದುಬಂದು ಕೂತ. ಉಳಿದಿದ್ದ ಒಂದು ಕಣ್ಣನ್ನು ಮುಚ್ಚಿಕೊಂಡ. ಅವಳು ವಾಲ್ವು ತಿರುಗಿಸಲಿಲ್ಲ. ಅದರ ಹಿಡಿ ಬಿಚ್ಚಿ ಜೇಬಿಗೆ ಹಾಕಿಕೊಂಡು, ರೆಂಚು, ಗರಗಸಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ತುಂಬಿ, ಗೇಟು ದಾಟಿದಳು. ಇನ್ನು ಎದ್ದೇಳಬಹುದು ಎಂದು ಮಾತ್ರ ಅವನಿಗೆ ಹೇಳಲಿಲ್ಲ.